ಚಿತ್ರಪಟಗಳ ಋಣ

ತಮ್ಮ ನಾಡಿನ ಹಳೆಯ ಶ್ರೇಷ್ಠ ಚಲಚ್ಚಿತ್ರಗಳನ್ನು ಆಯ್ದು, ಒಂದೇ ಚಿತ್ರಮಂದಿರದಲ್ಲಿ ಸಾಲಾಗಿ ತೋರಿಸಿ ಉತ್ಸವವಾಚರಿಸುವ ಪರಿಪಾಠವು ಅನೇಕ ದೇಶಗಳಲ್ಲುಂಟು. ಬೆಳಗಾವಿಯಲ್ಲಿಯೂ ಅಂಥದು ನಡೆಯಲೆಂದು ಬಯಸುವುದು ಯೋಗ್ಯವೇ. ಆದರೆ ಯಾವುದನ್ನು ತೋರಿಸತಕ್ಕದ್ದು? ನಮ್ಮ ಕೀರ್ತಿಯನ್ನು ಸಾರುವ ಚಿತ್ರಗಳನ್ನೋ, ನಮ್ಮ ಅನ್ಯಾಯವನ್ನು ಹೇಳುವ ಚಿತ್ರಗಳನ್ನೋ?

ಉಳಿದುದನ್ನಲ್ಲವೆ ತೋರಿಸುವುದು? ನಮ್ಮ ಉದ್ಯಮಬಾಗದ ಎರಕದ ಕಾರ್ಖಾನೆಗಳಲ್ಲಿ ಹಳೆಯ ಕಬ್ಬಿಣವು ಕರಗಿ ಹೊಸ ಯಂತ್ರದ ಭಾಗವಾಗುತ್ತದೆ. ಅಲ್ಲಿರುವುದು ರೂಪಾಂತರವೇ ಹೊರತು ನಾಶವಲ್ಲ. ಚಿತ್ರದ ಸುರುಳಿಗೆ ಈ ನ್ಯಾಯವು ಸಲ್ಲದು. ಬೆಳ್ಳಿಯ ಆಶೆಗಾಗಿ ಹಳೆಯ ಸುರುಳಿಗಳನ್ನು ಹಾಳುಗೆಡವಿದ್ದುಂಟು. ಬೆಳ್ಳಿಯು ಉಳಿಯಿತು, ಚಿತ್ರವು ಹೋಯಿತು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ನೆರೆಯ ಕೊಲ್ಹಾಪುರದಲ್ಲಿಯೇ ತಯಾರಾಗಿ 1934ರ ಮಾರ್ಚ್ 3ರಂದು ತೆರೆ ಕಂಡಿತು. ಇಂದು ಅದರ ಪ್ರತಿಯೇ ಲಭ್ಯವಿಲ್ಲ. ಹೆಸರನ್ನು ಮಾತ್ರ ಅಭಿಮಾನದಿಂದ ಉಚ್ಚರಿಸುತ್ತೇವೆ!

ಅದೃಷ್ಟವಶಾತ್ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವು ಹಾಗಾಗಲಿಲ್ಲ. ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ 1977ರಲ್ಲಿ ಬಂದ ಈ ಚಿತ್ರವು ರಾಷ್ಟ್ರದ ಸ್ವರ್ಣಕಮಲವನ್ನು ಪಡೆಯಿತು. ಮೂಲ ಸುರುಳಿಯು ಪುಣೆಯ ರಾಷ್ಟ್ರೀಯ ಭಂಡಾರದಲ್ಲಿ ಸುರಕ್ಷಿತವಾಗಿದ್ದುದರಿಂದ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ಸಿನ ಉತ್ಸವದಲ್ಲಿ ಪ್ರದರ್ಶಿತವಾಯಿತು. ಕಥೆಯಾದರೂ ಏನು? ವೇದಪಾಠಶಾಲೆಯೊಂದರ ಗುರುಗಳ ಮಗಳು, ಎಳೆಯ ವಿಧವೆ ಯಮುನೆ, ಗರ್ಭಿಣಿಯಾಗುತ್ತಾಳೆ. ತಂದೆಯು ಜೀವಂತಳಾಗಿರುವ ಮಗಳ ಶ್ರಾದ್ಧವನ್ನು ಮಾಡಿ ಕೈತೊಳೆದುಕೊಳ್ಳುತ್ತಾನೆ. ಅವಳನ್ನು ಅಕ್ಕನೆಂದು ನಂಬಿದ ಪುಟ್ಟ ವಿದ್ಯಾರ್ಥಿಯೊಬ್ಬನು ಇದೆಲ್ಲವನ್ನೂ ನೋಡುತ್ತಾನೆ.

ಪಾಠಶಾಲೆಯ ಅನ್ನವುಂಡು ಅಕ್ಷರ ಕಲಿತ ನನಗೆ ಇದು ಸುಖಕರವಾದ ದರ್ಶನವಲ್ಲ. ಆ ಮಂತ್ರಗಳು ನನಗೂ ಕಂಠಸ್ಥವಾಗಿವೆ. ಮನೆಯ ಕೊಳೆಯನ್ನು ಪರರೆದುರು ಹರವುವುದೇಕೆಂದು ನನ್ನ ಸಹಪಾಠಿಗಳು ಕೇಳುವುದುಂಟು. ಈ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ: ವೇದಾಧ್ಯಯನವೆಂದರೆ ಇಷ್ಟೇ ಎಂದು ಅರಿಯದವರು ಬಗೆಯಬಹುದು. ಆದರೂ ಯಮುನೆ ಯಾರ ಮನೆಯವಳು? ನಮ್ಮ ಮನೆಯವಳೇ ಆದಲ್ಲಿ, ಅವಳ ದುಃಖವನ್ನು ಕೊಳೆಯೆಂದು ಕರೆಯುವುದು ಎರಡನೆಯ ಘಟಶ್ರಾದ್ಧವಲ್ಲವೆ?

ಪಿತೃಋಣವೆಂದರೆ ಹಿರಿಯರ ಸ್ತುತಿಯೆಂದು ನಾವು ಅರ್ಥಮಾಡುತ್ತ ಬಂದಿದ್ದೇವೆ. ಧರ್ಮಶಾಸ್ತ್ರವಾದರೋ ತಂದೆಯು ತೀರಿಸದೆ ಹೋದ ನ್ಯಾಯವಾದ ಸಾಲವನ್ನೂ ಮಗನ ತಲೆಗೆ ಕಟ್ಟುತ್ತದೆ. ಆಸ್ತಿ ನನ್ನದು, ಸಾಲ ಮಾತ್ರ ಅವರದು ಎಂದರೆ ಯಾವ ಪಂಚರೂ ಒಪ್ಪರು.

ಆದುದರಿಂದ ಉತ್ಸವವು ನಡೆದಲ್ಲಿ ಪೌರಾಣಿಕ ವೈಭವದ ಚಿತ್ರಗಳು ಎರಡನೆಯ ದಿನಕ್ಕಿರಲಿ. ಮೊದಲನೆಯ ಸಂಜೆ ‘ಘಟಶ್ರಾದ್ಧ’ವಾಗಲಿ. ಖಾನಾಪುರದ ಕೊನೆಯ ಬಸ್ಸು ಹೊರಡುವುದರೊಳಗೆ ಮುಗಿಯುವಂತೆಯೂ, ಉದ್ಯಮಬಾಗದ ಕೆಲಸಗಾರರು ಪಾಳಿ ಮುಗಿಸಿ ಬರಲು ಅನುಕೂಲವಾಗುವಂತೆಯೂ ವೇಳೆಯನ್ನು ಗೊತ್ತುಮಾಡಿದರೆ ಇನ್ನೂ ಮೇಲು.