ಇಂದಿನ ಧಮ್ಮ ಚಿಂತನೆ: ಬಿಳಿ ಬಟ್ಟೆಯ ರಾಣಿ



ನಿನ್ನೆ ಒಂದು ಚಿತ್ರದ ಮುಂದೆ ಬಹಳ ಹೊತ್ತು ಕುಳಿತಿದ್ದೆ. ಸ್ಕಾಟ್ಲೆಂಡಿನ ರಾಣಿ ಮೇರಿ. ಫ್ರಾನ್ಸಿನ ಆಸ್ಥಾನದ ಚಿತ್ರಕಾರ ಫ್ರಾನ್ಸ್ವಾ ಕ್ಲೂಯೆ 1560ರ ಸುಮಾರಿಗೆ ಬರೆದದ್ದು. ಕಿರೀಟವಿಲ್ಲ. ತಲೆಗೆ ಬಿಳಿ ಕುಲಾವಿ, ಗಲ್ಲದ ಕೆಳಗೆ ನೆರಿಗೆ ನೆರಿಗೆಯಾಗಿ ಇಳಿದ ಬಿಳಿ ಬಟ್ಟೆ. ಅಲ್ಲಿನ ರಾಣಿಯರಿಗೆ ಬಿಳಿಯೇ ಶೋಕದ ಬಣ್ಣ. ಮುಖದಲ್ಲಿ ಅಳು ಕಾಣುವುದಿಲ್ಲ.

ಹುಟ್ಟಿದ ಆರೇ ದಿನಕ್ಕೆ ತಂದೆ ತೀರಿಕೊಂಡು ರಾಣಿಯಾದವಳು ಈಕೆ. 1559ರ ಜುಲೈನಲ್ಲಿ ಮಾವ ಹೋದರು. 1560ರ ಜೂನ್‌ನಲ್ಲಿ ತಾಯಿ. ಅದೇ ಡಿಸೆಂಬರ್ 5ಕ್ಕೆ ಗಂಡ, ಕಿವಿಯ ಸೋಂಕಿನಿಂದ. ಅವಳಿಗೆ ಹದಿನೆಂಟು ತುಂಬಲು ಇನ್ನೂ ಮೂರು ದಿನವಿತ್ತು. ಮರುದಿನವೇ ರಾಜಮನೆತನದ ಒಡವೆಗಳನ್ನು ಹಿಂದಿರುಗಿಸಬೇಕಾಯಿತು. ಆಮೇಲೆ ಸಂಪ್ರದಾಯದಂತೆ ನಲವತ್ತು ದಿನ ಬಿಳಿಯುಟ್ಟು ಕೋಣೆಯೊಳಗೆ. ಹೊರಗೆ ಆಗಲೇ ಇವಳನ್ನು ಇನ್ನು ಯಾರಿಗೆ ಮದುವೆ ಮಾಡಬೇಕೆಂಬ ಲೆಕ್ಕಾಚಾರ. ಬಟ್ಟೆ ನೋಡಿ ಎಲ್ಲರೂ ಅವಳ ಮುಂದಿನ ಸ್ಥಾನ ನಿರ್ಧರಿಸಿದರು. ಅವಳ ದುಃಖ ಯಾರಿಗೆ ಬೇಕಿತ್ತು?

ನಮ್ಮ ಪಟಾಚಾರ ನೆನಪಾದಳು. ಗಂಡ, ಇಬ್ಬರು ಮಕ್ಕಳು, ತಂದೆತಾಯಿ, ಸೋದರ, ಎಲ್ಲರನ್ನೂ ಕಳೆದುಕೊಂಡು ಮೈಮೇಲಿನ ಬಟ್ಟೆಯ ಪರಿವೆಯೂ ಇಲ್ಲದೆ ಶ್ರಾವಸ್ತಿಯ ಬೀದಿಯಲ್ಲಿ ಅಲೆದವಳು. ಜನ ಹುಚ್ಚಿ ಎಂದು ಅಟ್ಟಿದರು. ಭಗವಾನರು ಅವಳನ್ನು ಹತ್ತಿರ ಬರಗೊಟ್ಟರು, ತಂಗಿ ಎಂದು ಕರೆದು ಅರಿವು ತಂದುಕೊಳ್ಳಲು ಹೇಳಿದರು. ಸಭೆಯಲ್ಲಿದ್ದವನೊಬ್ಬ ತನ್ನ ಮೇಲುಹೊದಿಕೆ ಕೊಟ್ಟ. ಆ ಹೊದಿಕೆಗೆ ಯಾವ ಹಣೆಪಟ್ಟಿಯೂ ಇರಲಿಲ್ಲ, ಮಾನ ಮುಚ್ಚಿತು ಅಷ್ಟೆ. ಮುಂದೆ ಅವಳು ವಿನಯದಲ್ಲಿ ಅಗ್ರಳೆನಿಸಿದ ಭಿಕ್ಖುಣಿಯಾದಳು.

ಇದನ್ನು ಬರೆಯುವ ಯೋಗ್ಯತೆ ನನಗಿದೆಯೇ, ಗೊತ್ತಿಲ್ಲ. ಭಾವ ತೀರಿಕೊಂಡಾಗ ಊರಿನ ಹೆಂಗಸರು ಅಕ್ಕನ ಬಳೆ ಒಡೆಯಲು ಕೂತರು. ಇಪ್ಪತ್ತೆರಡು ಪ್ರತಿಜ್ಞೆ ತೆಗೆದುಕೊಂಡ ನಾನು, ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ಮೇಷ್ಟ್ರು, ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದೆ. ಹಿರಿಯರ ಮನಸ್ಸು ನೋಯಿಸಬಾರದು ಅಂತ. ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು.

ಮೊನ್ನೆ ಫೋನ್ ಮಾಡಿದ್ದಳು. "ಹುಣ್ಣಿಮೆಗೆ ವಿಹಾರಕ್ಕೆ ಬರ್ತೀನಿ ಕಣೋ, ಆದ್ರೆ ಬಿಳಿ ಸೀರೆ ಉಟ್ಟರೆ ಜನ ಏನಂತಾರೋ."

"ಅಕ್ಕಾ, ಅಲ್ಲಿ ಎಲ್ಲರೂ ಬಿಳೀನೇ ಉಡೋದು. ನಾಗಪುರದಲ್ಲಿ 1956ರಲ್ಲಿ ಬಾಬಾಸಾಹೇಬರೂ ಬಿಳೀನೇ ಉಟ್ಟಿದ್ರು. ಹೊಸದಾಗಿ ಮದುವೆಯಾದ ನಿನ್ನ ಸೊಸೇನೂ ಅವತ್ತು ಬಿಳಿ ಸೀರೇಲೇ ಬರ್ತಾಳೆ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರೆ ಬಳೇನೂ ಹಾಕ್ಕೋಬಹುದಾ?" ಅಂದಳು.

ಬಳೆ ತಂದಿಟ್ಟಿದ್ದೇನೆ.

ಭವತು ಸಬ್ಬ ಮಂಗಲಂ.