ಗಾಲಿಯ ಸದ್ದು, ಪರದೆಯ ಸದ್ದು

ನಮ್ಮ ನಿಲಂಗಾಕ್ಕೆ ರೈಲಿಲ್ಲ. ರೈಲನ್ನು ಕಾಣಬೇಕಾದರೆ ಉದಗೀರಕ್ಕಾಗಲಿ ಲಾತೂರಿಗಾಗಲಿ ಹೋಗಬೇಕು. 1911ರಲ್ಲಿ ಬಾರ್ಸಿ ಲೈಟ್ ರೈಲ್ವೆಯ ಎರಡೂವರೆ ಅಡಿ ಅಗಲದ ಹಳಿ ಲಾತೂರನ್ನು ಮುಟ್ಟಿದಾಗ ನಿಲಂಗಾ ನಿಜಾಮ ಸಂಸ್ಥಾನದ ಬೀದರ ಜಿಲ್ಲೆಯಲ್ಲಿತ್ತು. 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೂ ನಾವು ಮುಂಬಯಿ ರಾಜ್ಯಕ್ಕೂ ಸೇರಿದೆವು. ಆ ಪುಟ್ಟ ಹಳಿಯ ಹೊಗೆಬಂಡಿಯ ಸದ್ದನ್ನು ನಮ್ಮ ಹಿರಿಯರು ಬಲ್ಲರು. ನಮ್ಮ ಮಕ್ಕಳಂತಿರಲಿ, ನಾವೂ ಕೇಳಿದವರಲ್ಲ. ಚಿತ್ತರಂಜನದ ಕಾರ್ಖಾನೆ ಉಗಿಯಂತ್ರಗಳನ್ನು ಕಟ್ಟುವುದನ್ನು ನಿಲ್ಲಿಸಿದ್ದು 1972ರಲ್ಲಿ. ನಾವು ಹುಟ್ಟಿದ್ದು ಅದಕ್ಕೆ ಬಹಳ ವರ್ಷಗಳ ತರುವಾಯ.

ಹೀಗಿರಲು ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಮಾದರಿ ಉಗಿಯಂತ್ರವನ್ನು ಕಾಣಿಕೆಯಾಗಿ ಕೊಟ್ಟರು. ಅದು ಓಡುವುದು ಉಗಿಯಿಂದಲ್ಲ, ಹಳಿಯಲ್ಲಿ ಹರಿಯುವ ವಿದ್ಯುತ್ತಿನಿಂದ. ಹಿಂದಿನ ಇದ್ದಲಿನ ಬಂಡಿಯಲ್ಲಿ, ಅಂದರೆ ಟೆಂಡರಿನಲ್ಲಿ, ಉಗುರಿನಷ್ಟಗಲದ ಒಂದು ಸ್ಪೀಕರ್ ಇದೆ. ಗಾಲಿಯ ಅಚ್ಚಿನ ಮೇಲೆ ನಾಲ್ಕು ಉಬ್ಬುಗಳಿವೆ. ಅಚ್ಚು ತಿರುಗಿದಂತೆ ಒಂದೊಂದು ಉಬ್ಬೂ ಲೋಹದ ತೆಳ್ಳನೆಯ ನಾಲಗೆಯೊಂದನ್ನು ಮುಟ್ಟುತ್ತದೆ. ಮುಟ್ಟಿದಾಗಲೆಲ್ಲ ಮುದ್ರಿಸಿಟ್ಟ ‘ಛುಕ್’ ಒಂದು ಹೊರಡುತ್ತದೆ.

ವಿಜ್ಞಾನ ಪ್ರದರ್ಶನದ ದಿನ ಆ ಸದ್ದು ಕೈಕೊಟ್ಟಿತು. ಗಾಲಿ ತಿರುಗುತ್ತಿದೆ, ಯಂತ್ರ ಮಾತ್ರ ಮೂಕ. ಅತಿಥಿಗಳು ಬಾಗಿಲಿಗೆ ಬಂದಿದ್ದರು. ಗಡಿಯ ಕನ್ನಡ ಶಾಲೆ ಯಾರಿಗೂ ಕಡಿಮೆಯಲ್ಲವೆಂದು ತೋರಿಸುವ ಹಂಬಲ ನಮಗೆ ಎಷ್ಟಿತ್ತೆಂಬುದನ್ನು ಇಂಥ ಶಾಲೆಗಳಲ್ಲಿ ದುಡಿಯುವವರು ಬಲ್ಲರು. ಮೇಜಿನ ಹಿಂದಿನ ಪರದೆಯ ಮರೆಯಲ್ಲಿ ಮೊಬೈಲನ್ನು ಇಟ್ಟು ಉಗಿಬಂಡಿಯ ಧ್ವನಿಮುದ್ರಣವನ್ನು ಹಾಕಿದೆವು. ಅತಿಥಿಗಳು ಚಪ್ಪಾಳೆ ತಟ್ಟಿದರು. ಯಂತ್ರವನ್ನು ನಿಲ್ಲಿಸಿದ ಮೇಲೆ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ನಮ್ಮ ಅಂಗಿಯನ್ನು ಜಗ್ಗಿ, “ಗುರುಗಳೇ, ಗಾಡಿ ನಿಂತದ, ಸಪ್ಪಳ ಇನ್ನಾ ನಡದದ” ಎಂದಳು.

ಆ ರಾತ್ರಿ ನಾವು ನಮ್ಮ ಪರವಾಗಿ ವಾದಿಸಿಕೊಂಡೆವು. ಟೆಂಡರಿನೊಳಗಿನ ಸದ್ದೂ ಮುದ್ರಿತವಾದುದೇ, ಪರದೆಯ ಹಿಂದಿನದೂ ಮುದ್ರಿತವಾದುದೇ. ಎರಡರಲ್ಲಿಯೂ ಉಗಿಯಿಲ್ಲ, ಬೆಂಕಿಯಿಲ್ಲ. ಹಾಗಾದರೆ ಒಂದು ವಿದ್ಯೆ, ಇನ್ನೊಂದು ಮೋಸ ಆಗುವುದೆಂತು? ದೊಡ್ಡಾಟದ ಭೀಮನ ಗದೆ ಕಬ್ಬಿಣದ್ದಲ್ಲವೆಂದು ಯಾರೂ ಅವನನ್ನು ಸುಳ್ಳನೆನ್ನುವುದಿಲ್ಲ. ಆದರೆ ನೋಡುವವರೆಲ್ಲ ಅದನ್ನು ಬಲ್ಲರು. ನಮ್ಮ ಪರದೆಯನ್ನು ಯಾರೂ ಬಲ್ಲವರಿರಲಿಲ್ಲ. ಮರೆಮಾಚಿದುದೇ ತಪ್ಪೆಂದು ಇಲ್ಲಿಗೆ ಮುಗಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಮೊಬೈಲನ್ನು ಎಲ್ಲರೆದುರಿಗೇ ಇಟ್ಟು ಹಾಕಿದ್ದರೂ ಆ ಸದ್ದಿನಲ್ಲಿ ಏನೋ ಒಂದು ಕೊರತೆ ಉಳಿಯುತ್ತಿತ್ತು. ಸುಳ್ಳು ಒಂದು ದೋಷ, ಪೊಳ್ಳು ಇನ್ನೊಂದು.

ಆ ಕೊರತೆ ಯಾವುದೆಂದು ತಿಳಿಯಬೇಕಾದರೆ ನಿಜವಾದ ಉಗಿಯಂತ್ರದ ಸದ್ದು ಎಲ್ಲಿಂದ ಬರುತ್ತದೆಂಬುದನ್ನು ನೋಡಬೇಕು. ಸಿಲಿಂಡರಿನೊಳಗೆ ಉಗಿಯು ಪಿಸ್ಟನ್ನನ್ನು ಒಮ್ಮೆ ಈ ಬದಿಯಿಂದ, ಒಮ್ಮೆ ಆ ಬದಿಯಿಂದ ನೂಕುತ್ತದೆ. ನೂಕಿ ದಣಿದ ಉಗಿ ಪ್ರತಿ ಸಾರಿಯೂ ಹೊಗೆಗೊಳವೆಯ ಮೂಲಕ ಹಾರಿಹೋಗುತ್ತದೆ. ಸಿಲಿಂಡರು ಎರಡಾದುದರಿಂದ ಗಾಲಿಯ ಒಂದು ಸುತ್ತಿಗೆ ನಾಲ್ಕು ಸದ್ದು. ಹಾಗೆ ಹಾರುವ ಉಗಿ ತನ್ನೊಡನೆ ಹೊಗೆಯನ್ನೂ ಸೆಳೆದೊಯ್ಯುವುದರಿಂದ ಒಲೆಗೆ ಗಾಳಿ ನುಗ್ಗಿ ಬೆಂಕಿ ಪ್ರಜ್ವಲಿಸುತ್ತದೆ. ಏರು ಹತ್ತುವಾಗ ಸದ್ದು ಗಡುಸು, ಬೆಂಕಿಯೂ ಉಗ್ರ. ಇಳಿಜಾರಿನಲ್ಲಿ ಚಾಲಕನು ಉಗಿಯನ್ನು ಮುಚ್ಚಿದನೆಂದರೆ ಗಾಲಿ ಉರುಳುತ್ತಿದ್ದರೂ ಸದ್ದಿಲ್ಲ. ನಾಲ್ಕು ಸದ್ದುಗಳು ಸಮನಾಗಿ ಬೀಳದಿದ್ದರೆ, ಉಗಿಯನ್ನು ಬಿಟ್ಟು ಕಟ್ಟುವ ಕವಾಟದ ಹೊಂದಾಣಿಕೆ ತಪ್ಪಿದೆಯೆಂದು ನುರಿತ ಚಾಲಕನು ಕಿವಿಯಿಂದಲೇ ಅರಿಯುತ್ತಿದ್ದನು. ಅಲ್ಲಿ ಸದ್ದು ಕೆಲಸದ ಅಲಂಕಾರವಲ್ಲ, ಕೆಲಸದ ಒಂದು ಅಂಗವೇ.

ಮಾದರಿಯ ಸದ್ದಿಗೆ ಈ ಹುಟ್ಟಿಲ್ಲ, ನಿಜ. ಆದರೂ ಅದು ಗಾಲಿಗೆ ಲೆಕ್ಕ ಒಪ್ಪಿಸುತ್ತದೆ: ಗಾಲಿ ನಿಂತರೆ ನಿಲ್ಲುತ್ತದೆ, ಗಾಲಿ ತಡವರಿಸಿದರೆ ತಡವರಿಸುತ್ತದೆ. ಕೆಡುವ ಶಕ್ತಿಯೂ ಅದಕ್ಕಿದೆ. ಪರದೆಯ ಸದ್ದು ಕೆಡುವಂತೆಯೇ ಇರಲಿಲ್ಲ. ಯಂತ್ರ ಮೇಜಿನಿಂದ ಕೆಳಗುರುಳಿದ್ದರೂ ಅದು ಛುಕ್ ಛುಕ್ ಎನ್ನುತ್ತಲೇ ಇರುತ್ತಿತ್ತು.

ಇಷ್ಟು ಬರೆದ ಮೇಲೆ ಇನ್ನೊಂದನ್ನು ಬಚ್ಚಿಡುವುದು ಸಲ್ಲದು. ತಪಾಸಣೆಗೆ ಮೇಲಧಿಕಾರಿಗಳು ಬಂದಾಗ ಹದಿಮೂರರ ಮಗ್ಗಿಯನ್ನು ವರ್ಗವೆಲ್ಲ ಒಟ್ಟಾಗಿ ಹೇಳುವಂತೆ ನಾವು ಎಷ್ಟೋ ಸಲ ಮಾಡಿದ್ದೇವೆ. ಬಾರದವರು ತುಟಿ ಅಲುಗಿಸಿದರೆ ಸಾಕು, ಬಂದವರ ದನಿ ಅವರನ್ನೂ ಮುಚ್ಚುತ್ತದೆ. ಮಗ್ಗಿಯನ್ನು ಬಾಯಿಪಾಠ ಮಾಡಿಸುವುದು ತಪ್ಪೆಂದು ನಾವು ಹೇಳುವವರಲ್ಲ. ಹಾಗೆ ಹೇಳುವುದು ಈಚೆಗೆ ಒಂದು ರೂಢಿಯೇ ಆಗಿದೆ. ಆದರೆ ಹದಿಮೂರು ಏಳಲೆ ತೊಂಬತ್ತೊಂದು ಎಂದವನಿಗೆ ಏಳು ಸಾಲು ಹುಣಸೆಬೀಜ ಇಡಿಸಿ, ಸಾಲಿಗೆ ಹದಿಮೂರರಂತೆ ಎಣಿಸಲು ಹೇಳಬೇಕಿತ್ತು. ಎಷ್ಟೋ ಸಲ ಹೇಳಲಿಲ್ಲ. ವರ್ಗದ ಒಟ್ಟು ದನಿ ಚೆನ್ನಾಗಿತ್ತಲ್ಲ!

ಮರುವಾರ ಮಕ್ಕಳೆದುರಿಗೆ ಪರದೆಯ ಸಂಗತಿಯನ್ನು ಹೇಳಿಬಿಟ್ಟೆವು. ಅವರು ನಕ್ಕರು, ಆ ಹುಡುಗಿ ನಗಲಿಲ್ಲ. ಆಮೇಲೆ ಯಂತ್ರವನ್ನು ಬಿಚ್ಚಿದೆವು. ಇಂಜಿನಿನಿಂದ ಟೆಂಡರಿಗೆ ಹೋಗುವ ಕೂದಲೆಳೆಯಂಥ ತಂತಿಯೊಂದು ಕಡಿದಿತ್ತು. ಬೆಸುಗೆ ಹಾಕಿದೊಡನೆ ಸದ್ದು ಬಂದಿತು, ಆದರೆ ಸೀಳುದನಿ. ಸ್ಪೀಕರಿನ ಹಿಂಬದಿಯ ಪುಟ್ಟ ಡಬ್ಬಿಯ ಅಂಟು ಬಿಟ್ಟಿತ್ತು. ಹಿಂದಿನಿಂದ ಹೊರಟ ಅಲೆ ಮುಂದಿನದನ್ನು ಅಳಿಸಿಹಾಕುತ್ತಿದ್ದುದರಿಂದ ದನಿ ತೆಳುವಾಗಿತ್ತು. ಅದನ್ನು ಅಂಟಿಸಿದೆವು. ನಡುನಡುವೆ ಸದ್ದು ನಿಂತು ಮೊದಲಿನಿಂದ ಆರಂಭವಾಗುತ್ತಿದ್ದುದು ಹಳಿಯ ಕೊಳೆಯಿಂದ. ಬಟ್ಟೆಯಿಂದ ಒರೆಸಿದಾಗ ಸರಿಹೋಯಿತು.

ಊರಿನ ಹಿರಿಯರೊಬ್ಬರನ್ನು ಕರೆದು ಕೇಳಿಸಿದೆವು. ಎಳೆವಯಸ್ಸಿನಲ್ಲಿ ಲಾತೂರಿನಿಂದ ಬಾರ್ಸಿಗೆ ಆ ಪುಟ್ಟ ಬಂಡಿಯಲ್ಲಿ ಹೋಗಿಬಂದವರು. ಕಣ್ಣು ಮುಚ್ಚಿ ಕೇಳಿದರು. “ಸಪ್ಪಳ ಅದೇ. ಆದರ ಹಿಂದ ಡಬ್ಬಿ ಇಲ್ಲ, ಏರೂ ಇಲ್ಲ, ಇಷ್ಟ್ಯಾಕ ಏದತದ ಇದು?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಗಾಲಿಗೆ ಲೆಕ್ಕ ಒಪ್ಪಿಸುವ ಸದ್ದು ಭಾರಕ್ಕೆ ಇನ್ನೂ ಲೆಕ್ಕ ಒಪ್ಪಿಸಿಲ್ಲ.

ಈಗ ಗಾಲಿಯ ಅಂಚಿಗೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿದ್ದೇವೆ. ಯಂತ್ರವನ್ನು ಮೆಲ್ಲನೆ ಓಡಿಸಿದರೆ ಗುರುತು ಒಂದು ಸುತ್ತು ಬರುವಷ್ಟರಲ್ಲಿ ಕೇಳುವುದು ಮೂರೇ ಸದ್ದು. ಲೋಹದ ನಾಲಗೆ ಸ್ವಲ್ಪ ಬಾಗಿ ಒಂದು ಉಬ್ಬನ್ನು ಮುಟ್ಟದೆ ಬಿಡುತ್ತಿರಬೇಕು. ಆ ಹುಡುಗಿ ದಿನವೂ ಮಧ್ಯಾಹ್ನದ ಸೂಟಿಯಲ್ಲಿ ಬಂದು ಮೇಜಿಗೆ ಗದ್ದವನ್ನೂರಿ ಎಣಿಸುತ್ತಾಳೆ. ನಿನ್ನೆ ನಾಲಗೆಯನ್ನು ಕೊಂಚ ನೇರಮಾಡಿ, ಸರಿಹೋಯಿತೆಂದು ನಾವು ಎದ್ದೆವು. ಆಕೆ ತಲೆಯೆತ್ತದೆ, “ತಡೀರಿ ಗುರುಗಳೇ, ಇನ್ನೊಂದು ಸುತ್ತ ನೋಡೂನು” ಎಂದಳು.