ಮಣ್ಣು ಯಾರದು?

ಬೇಸಿಗೆ ಬಂತೆಂದರೆ ದಿಲ್ಲಿಯಲ್ಲಿರುವ ಕನ್ನಡಿಗರ ಮನೆಗಳಿಗೂ ‘ಖಸ್’ ಬರುತ್ತದೆ, ಶರಬತ್ತಾಗಿ ಇಲ್ಲವೆ ತಂಪಿನ ತಟ್ಟಿಯಾಗಿ. ಅದು ನಮ್ಮ ಲಾವಂಚವೇ. ಅದರ ಬೇರಿನ ಪರಿಮಳವನ್ನು ನಾವೆಲ್ಲ ಬಲ್ಲೆವು. ಆದರೆ ಆ ಬೇರನ್ನು ಕೀಳದೆ ಮಣ್ಣಿನಲ್ಲಿಯೇ ಬಿಟ್ಟರೆ ಅದು ಮಾಡುವ ಉಪಕಾರವನ್ನು ಬಲ್ಲವರು ಕಡಿಮೆ.

ಗುಂಡ್ಲುಪೇಟೆಯ ಕಡೆಯ ರೈತರು ತಲೆಮಾರುಗಳಿಂದ ಲಾವಂಚವನ್ನು ಹೊಲದ ಎಲ್ಲೆಯಲ್ಲಿ ಬೇಲಿಯಾಗಿ ಬೆಳೆಸುತ್ತ ಬಂದವರು. ಫಿಜಿಯ ಕಬ್ಬಿನ ಹೊಲಗಳಲ್ಲಿ 1950ರ ದಶಕದಲ್ಲಿ ಇದೇ ಹುಲ್ಲಿನಿಂದ ಮಣ್ಣಿನ ಸವಕಳಿಯನ್ನು ತಡೆದಿದ್ದ ಜಾನ್ ಗ್ರೀನ್‌ಫೀಲ್ಡ್, 1980ರ ದಶಕದಲ್ಲಿ ವಿಶ್ವಬ್ಯಾಂಕಿನ ರಿಚರ್ಡ್ ಗ್ರಿಮ್‌ಷಾ ಅವರೊಡನೆ ಸೇರಿ ಭಾರತದಲ್ಲಿ ಈ ವಿಧಾನವನ್ನು ಪ್ರಚಾರ ಮಾಡಿದರು.

ವಿಧಾನವೇನೋ ಸರಳ. ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ, ಬುಡದಿಂದ ಸೀಳಿದ ಸಸಿಗಳನ್ನು ಗೇಣಿಗಿಂತ ಹತ್ತಿರ ಸಾಲಾಗಿ ನೆಡಬೇಕು. ಎರಡು ಮೂರು ವರ್ಷಗಳಲ್ಲಿ ಸಾಲು ಕೂಡಿಕೊಂಡು ಬೇಲಿಯಾಗುತ್ತದೆ. ಮಳೆಯ ನೀರು ಅದರ ನಡುವೆ ಮೆಲ್ಲಗೆ ಸೋಸಿ ಮುಂದೆ ಹೋಗುತ್ತದೆ. ಹೊತ್ತು ತಂದ ಮಣ್ಣು ಹಿಂದೆಯೇ ನಿಲ್ಲುತ್ತದೆ. ಬೇರು ಪಕ್ಕಕ್ಕೆ ಹರಡದೆ ಮೂರು ಮೀಟರಿನವರೆಗೂ ನೇರ ಕೆಳಕ್ಕೆ ಇಳಿಯುವುದರಿಂದ ಬೆಳೆಗೆ ಹೆಚ್ಚಿನ ತೊಂದರೆಯಿಲ್ಲ. ಆದರೆ ನಡುವೆ ಒಂದು ಕಂಡಿ ಉಳಿದರೂ ನೀರೆಲ್ಲ ಅಲ್ಲಿಗೇ ನುಗ್ಗಿ ಕೊರಕಲು ಬೀಳುತ್ತದೆ.

ಇಷ್ಟು ಅಗ್ಗದ ಉಪಾಯವಿದ್ದೂ ಹೊಲಗಳು ಏಕೆ ಬರಿದಾಗಿವೆ? ಕಾರಣಗಳು ಹಲವು, ಒಂದು ಮಾತ್ರ ನಮ್ಮ ಬಾಗಿಲಿಗೇ ಬರುತ್ತದೆ. ಪರಸ್ಥಳದಲ್ಲಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಎರಡೋ ಮೂರೋ ಎಕರೆ ಹೊಲವುಂಟು. ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿತು. ಆದ್ದರಿಂದ ಇಂಥ ಹೊಲ ಬಾಯಿಮಾತಿನ ಮೇಲೆ, ವರ್ಷದ ಮಟ್ಟಿಗೆ, ಇನ್ನೊಬ್ಬರ ಕೈಗೆ ಹೋಗುವುದುಂಟು. ಎಲ್ಲಿ ಹಕ್ಕು ಕೇಳಿಯಾನೋ ಎಂದು ಉಳುವವನನ್ನು ಆಗಾಗ ಬದಲಿಸುವವರೂ ಉಂಟು. ಮುಂದಿನ ವರ್ಷದ ಭರವಸೆಯಿಲ್ಲದವನು ಮೂರನೆಯ ವರ್ಷಕ್ಕೆ ಕೂಡುವ ಬೇಲಿಯನ್ನು ಏಕೆ ನೆಟ್ಟಾನು? ಅವನು ‘ಹೊಲ ನನ್ನದಲ್ಲ’ ಎನ್ನುತ್ತಾನೆ. ನಾವು ‘ಉಳುವವನು ನಾನಲ್ಲ’ ಎನ್ನುತ್ತೇವೆ. ಎರಡೂ ನಿಜವೇ. ಈ ಎರಡು ನಿಜಗಳ ನಡುವಿನ ಕಂಡಿಯಲ್ಲಿ ಮಣ್ಣು ಹರಿದುಹೋಗುತ್ತದೆ.

‘ನಮಗೆ ಬರುವುದೇ ಎರಡು ಮೂಟೆ ರಾಗಿ, ಅದಕ್ಕೆ ಖರ್ಚು ಬೇರೆಯೇ?’ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ, ನಷ್ಟ ನಮ್ಮೊಬ್ಬರದೇ ಆಗಿದ್ದರೆ. ಆದರೆ ನಮ್ಮ ಹೊಲದ ಮಣ್ಣು ಕೊಚ್ಚಿಹೋಗಿ ಊರ ಕೆರೆಯಲ್ಲಿ ಹೂಳಾಗುತ್ತದೆ. ತಡೆಯಿಲ್ಲದೆ ಇಳಿದ ನೀರು ಕೆಳಗಿನವನ ಹೊಲವನ್ನು ಕೊರೆಯುತ್ತದೆ. ಒಂದಂಗುಲ ಮೇಲ್ಮಣ್ಣು ಉಂಟಾಗಲು ನೂರಾರು ವರ್ಷ ಬೇಕು. ಅಷ್ಟು ಕಾಲದ ಗಳಿಕೆಯನ್ನು ಕಳೆದುಬಿಡುವ ಅಧಿಕಾರ ಯಾವ ಖಾತೆಯಿಂದಲೂ ಬರಲಾರದು.

ನನಗೆ ತೋರುವುದಿಷ್ಟು: ಯಾರ ಬಳಿ ಕಾಲವಿದೆಯೋ ಹೊಣೆ ಅವರದು. ಉಳುವವನ ಕೈಯಲ್ಲಿರುವುದು ಒಂದು ಮಳೆಗಾಲ. ಒಡೆಯನ ಕೈಯಲ್ಲಿರುವುದು ಅವನ ಆಯುಷ್ಯ, ಮಕ್ಕಳ ಆಯುಷ್ಯ. ಒಡೆತನವೆಂದರೆ ಈ ದೀರ್ಘಕಾಲದ ಮೇಲಿನ ಹಕ್ಕಲ್ಲದೆ ಮತ್ತೇನು? ಆ ಹಕ್ಕನ್ನು ಇಟ್ಟುಕೊಂಡು ಅದರ ಭಾರವನ್ನು ಮಾತ್ರ ಒಂದು ವರ್ಷದವನ ಹೆಗಲಿಗೆ ಹೊರಿಸುವುದು ಧರ್ಮವಲ್ಲ. ಹೊರಲಾರೆವೆಂದರೆ, ಹೊಲವನ್ನು ಉಳುವವನಿಗೇ ನ್ಯಾಯವಾದ ಬೆಲೆಗೆ ಬಿಟ್ಟುಕೊಡುವುದು ಪ್ರಾಮಾಣಿಕ ದಾರಿ.

ಈ ಸಲ ಯುಗಾದಿಗೆ ಊರಿಗೆ ಹೋದಾಗ ಮೂಟೆಗಳ ಲೆಕ್ಕ ಕೇಳುವ ಮುನ್ನ ಉಳುವವನ ಜೊತೆ ಹೊಲದ ಇಳಿಜಾರನ್ನು ಒಮ್ಮೆ ನಡೆದು ನೋಡೋಣ. ಸಸಿಯ ಖರ್ಚು, ನೆಡುವ ಕೂಲಿ ನಮ್ಮದೆನ್ನೋಣ. ಬೇಲಿ ಹಿಡಿಯುವ ಒಂದೆರಡು ಮೊಳ ನೆಲದ ನಷ್ಟವನ್ನು ನಮ್ಮ ಪಾಲಿನಲ್ಲಿಯೇ ಮುರಿದುಕೊಳ್ಳೋಣ. ಬೇಲಿ ಕೂಡುವ ತನಕ ನಿನ್ನನ್ನು ಬದಲಿಸುವುದಿಲ್ಲವೆಂದು ಮಾತು ಕೊಡೋಣ. ಮಳೆ ಹಿಡಿಯುವ ಹೊತ್ತಿಗೆ ಮೊದಲ ಸಾಲು ನೆಲಕ್ಕಿಳಿದಿರಲಿ.